ತೊಟ್ಟಿಲ ಬೆಕ್ಕು

ಬೀಗರ ಹಾಡಿನಲ್ಲಿ ಆ ಬೆಕ್ಕು ಮೊದಲಿನಿಂದಲೂ ಇತ್ತು. ಅದಕ್ಕೆ ಬಾಯಿ ಕೊಟ್ಟವನು ಮಾತ್ರ ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ನಮ್ಮವರ ಮದುವೆಗಳಲ್ಲಿ ಧಾರೆ ಮುಗಿದು ಗಂಡಿನ ಕಡೆಯವರು ಎಲೆಯ ಮುಂದೆ ಕೂತರೆಂದರೆ, ಹೆಣ್ಣಿನ ಕಡೆಯ ಹೆಂಗಸರು ಎದುರಿಗೆ ನಿಂತು ಅವರನ್ನು ಹಾಡಿನಲ್ಲಿ ಬೈಯಲು ಶುರುಮಾಡುತ್ತಾರೆ. ಮನಸ್ಸಿಗೆ ಬಂದ ಹಾಗೆ ಬೈಯುವಂತಿಲ್ಲ, ಅದಕ್ಕೊಂದು ಸರದಿ ಉಂಟು. ಮೊದಲು ಗಂಡಿನ ಅಪ್ಪ, ಆಮೇಲೆ ಅಮ್ಮ, ಆಮೇಲೆ ಸೋದರಮಾವ, ಆಮೇಲೆ ಅಕ್ಕ. ಒಬ್ಬೊಬ್ಬರಿಗೆ ಒಂದೊಂದು ಸೊಲ್ಲು, ಅಜ್ಜಿಯರ ಕಾಲದಿಂದ ಬಂದದ್ದು. ಅಪ್ಪನ ಹೊಟ್ಟೆ ಚಪ್ಪರದ ಕಂಬಕ್ಕೆ ತಾಗುತ್ತದೆ. ಅಮ್ಮ ಹೋಳಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾಳೆ. ಸೋದರಮಾವನ ಹಲ್ಲು ಅವನಿಗಿಂತ ಮುಂಚೆ ಬಂದು ಪಂಕ್ತಿಯಲ್ಲಿ ಕೂತಿರುತ್ತದೆ. ಪ್ರತಿ ಸೊಲ್ಲಿನ ಕೊನೆಗೆ ಹಾಡುವವರು ಒಂದು ಗಳಿಗೆ ನಿಲ್ಲುತ್ತಾರೆ. ಬೈಸಿಕೊಂಡವರಾಗಲಿ, ಅವರ ಕಡೆಯ ಹಾಡುಗಾರ್ತಿಯಾಗಲಿ, ಅದೇ ಧಾಟಿಯಲ್ಲಿ ಉತ್ತರ ಕೊಡಬಹುದು. ಕೊಟ್ಟರೆ ಎಲೆಅಡಿಕೆಯ ತಟ್ಟೆ ಅವರ ಪಾಲು. ಆ ಸೊಲ್ಲನ್ನು ಆ ಮನೆಯವರ ಮೇಲೆ ಮತ್ತೆಂದೂ ಹಾಡುವಂತಿಲ್ಲ. ಕೊಡದಿದ್ದರೆ ತಲೆ ತಗ್ಗಿಸಿ ಪಾಯಸ ಉಣ್ಣಬೇಕು.

ಅಕ್ಕನ ಸೊಲ್ಲು ಹೀಗೆ:

ಗಂಡಿನ ಅಕ್ಕಯ್ಯ ಬಂದಾಳೆ ನೋಡಿರೇ
ಉಡಿಯಲ್ಲಿ ಅಕ್ಕಿ, ತೊಟ್ಟಿಲಲ್ಲಿ ಬೆಕ್ಕು
ಬೆಕ್ಕಿಗೇ ಜೋಗುಳ ಹಾಡ್ಯಾಳೆ

ಮೂರು ಮಕ್ಕಳು ಸೀರೆ ಹಿಡಿದು ಜಗ್ಗುತ್ತಿರುವ ಅಕ್ಕನ ಮೇಲೆ ಇದನ್ನು ಹಾಡಿದರೆ ಅವಳೂ ನಗುತ್ತಾಳೆ, ಮಕ್ಕಳೂ ನಗುತ್ತವೆ. ನಾನು ನೋಡಿದ್ದೆಲ್ಲ ಅಂಥ ಅಕ್ಕಂದಿರನ್ನೇ. ಅಥವಾ ಅಂಥವರನ್ನು ಮಾತ್ರ ನಾನು ನೋಡುತ್ತಿದ್ದೆ.

ಆಗ ನಾನು ಸಾಗರದ ಪೇಟೆಯಲ್ಲಿ ಸೈಕಲ್ ಮತ್ತು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿದ್ದೆ. ಮದುವೆ ತಿಂಗಳುಗಳಲ್ಲಿ ಬ್ಯಾಟರಿ, ಆಂಪ್ಲಿಫೈಯರ್, ಎರಡು ಹಾರ್ನ್ ಹೊತ್ತುಕೊಂಡು ಬಸ್ಸಿನ ಟಾಪು ಹತ್ತುವುದು, ಊರು ತಲುಪಿ ಹಾರ್ನನ್ನು ಮರದ ತುದಿಗೆ ಕಟ್ಟುವುದು, ಹಾಡಿನ ಪ್ಲೇಟು ಹಾಕುವುದು ನನ್ನ ಕೆಲಸ. ಪ್ಲೇಟು ಬದಲಿಸುವ ಸಂದಿಯಲ್ಲಿ ಮೈಕಿನ ಮುಂದೆ ಬಾಯಿ ಆಡಿಸುವುದು ನನ್ನ ಚಟ. ಹೊಸನಗರ ಬಸ್ಸಿನ ಕಂಡಕ್ಟರು ಮೂಗಿನಲ್ಲಿ ಊರುಗಳ ಹೆಸರು ಕೂಗುವುದು, ತಾಳಗುಪ್ಪದ ರೈಲು ಹೊರಡಲು ಮನಸ್ಸಿಲ್ಲದೆ ನರಳುವುದು, ಪುರೋಹಿತರು ಮಂತ್ರದ ನಡುವೆ ನಶ್ಯ ಏರಿಸುವುದು, ಎಲ್ಲವೂ ನನ್ನ ಗಂಟಲಲ್ಲಿದ್ದವು. ಹುಡುಗಿಯರ ಎದುರು ನನ್ನ ದನಿ ಒಡೆದು ಕೋಳಿ ಹುಂಜದ ಮರಿಯ ಹಾಗಾಗುವುದನ್ನೂ ಮಾಡಿ ತೋರಿಸುತ್ತಿದ್ದೆ. ಅದಕ್ಕೆ ಅಭ್ಯಾಸ ಬೇಕಾಗುತ್ತಿರಲಿಲ್ಲ.

ನನ್ನ ಸಂಗ್ರಹದಲ್ಲಿ ಎಲ್ಲಕ್ಕಿಂತ ಒಳ್ಳೆಯ ದನಿ ನನ್ನ ದೊಡ್ಡಮ್ಮನದು. ಅಮ್ಮನ ಅಕ್ಕ. ಮುಖದ ತುಂಬ ಚಿಕ್ಕಂದಿನಲ್ಲಿ ಸಿಡುಬು ಬಂದುಹೋದ ಕಲೆಗಳು, ಗಂಟಲು ಮಾತ್ರ ಹದಿನಾರು ವರ್ಷದವಳದು. ಮೂರು ತಾಲ್ಲೂಕಿನಲ್ಲಿ ಯಾರ ಮನೆಯ ಹೆಣ್ಣಿನ ಮದುವೆಯಿದ್ದರೂ ಬೀಗರ ಹಾಡಿಗೆ ಅವಳಿಗೆ ಕರೆ ಬರುತ್ತಿತ್ತು. ಮೈಕನ್ನು ಅವಳು ಹೊಲದಿಂದ ಕಿತ್ತ ಮೂಲಂಗಿಯ ಹಾಗೆ ದೂರ ಹಿಡಿದುಕೊಳ್ಳುತ್ತಿದ್ದಳು. ಅದನ್ನು ಅವಳ ಬಾಯಿಯ ಹತ್ತಿರಕ್ಕೆ ತಳ್ಳುತ್ತ ನಾನು ಪಕ್ಕದಲ್ಲೇ ನಿಲ್ಲಬೇಕಾಗುತ್ತಿತ್ತು.

ಹಾಗೆ ನಿಂತಿದ್ದಾಗಲೇ ಒಂದು ಮದುವೆಯಲ್ಲಿ ಬೆಕ್ಕಿನ ಸೊಲ್ಲು ಮುಗಿಯಿತು, ದೊಡ್ಡಮ್ಮ ಪದ್ಧತಿಯಂತೆ ನಿಂತಳು, ಮೈಕಿನಲ್ಲಿ ಖಾಲಿ ಗಾಳಿ ಸುಯ್ಯೆಂದಿತು. ಮೈಕಿನ ಕಸುಬಿನವನಿಗೆ ಖಾಲಿ ಗಾಳಿ ಕಂಡರೆ ಆಗುವುದಿಲ್ಲ. ನಾನು ಬಗ್ಗಿ, ಹಸಿದ ಮರಿಬೆಕ್ಕಿನ ದನಿಯಲ್ಲಿ, ಮಿಯಾಂವ್ ಎಂದೆ. ಚಪ್ಪರ ಬಿದ್ದುಹೋಗುವ ಹಾಗೆ ಜನ ನಕ್ಕರು. ಬಡಿಸುವವರು ಬಕೆಟ್ಟು ಕೆಳಗಿಟ್ಟು ನಕ್ಕರು. ಅಲ್ಲಿಂದ ಮುಂದೆ ನಾನು ಹೋದಲ್ಲೆಲ್ಲ ಬೆಕ್ಕು ಬಂತು. ಹಾರ್ನು ಮರದ ಮೇಲಿರುತ್ತಿತ್ತಲ್ಲ, ಊಟದ ಪಂಕ್ತಿಯ ಇಪ್ಪತ್ತು ಜನ ಮಾತ್ರ ಕೇಳುತ್ತಿದ್ದ ಸೊಲ್ಲು ಈಗ ಪಕ್ಕದೂರಿನ ಬಾವಿಕಟ್ಟೆಯವರೆಗೆ ಕೇಳುತ್ತಿತ್ತು. ಮೈಕ್ ಸೆಟ್ಟಿಗೆ ಹೇಳಲು ಬಂದವರು ಬೆಕ್ಕಿನ ಹುಡುಗನನ್ನೇ ಕಳಿಸಿ ಎನ್ನುತ್ತಿದ್ದರು. ನಾನು ಕಾಲರ್ ಎತ್ತಿಕೊಂಡು ತಿರುಗುತ್ತಿದ್ದೆ.

ಆಮೇಲೆ ನನಗೇ ಹೆಣ್ಣು ಗೊತ್ತಾಯಿತು. ತೀರ್ಥಹಳ್ಳಿಯ ಹತ್ತಿರದ ಹುಡುಗಿ. ನೋಡಲು ಹೋದ ದಿನ ನನ್ನ ದನಿ ಎಂದಿನಂತೆ ಹುಂಜದ ಮರಿಯಾಯಿತು. ಅದನ್ನು ನಾನು ಬೇಕೆಂದೇ ಮಾಡುತ್ತಿದ್ದೇನೆ ಎಂದುಕೊಂಡು ಅವರು ಒಪ್ಪಿದರು.

ಸುದ್ದಿ ಹೇಳಲು ಹೊಸನಗರಕ್ಕೆ ಅಕ್ಕನ ಮನೆಗೆ ಹೋದೆ. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನಾನು ತೊಟ್ಟಿಲಲ್ಲಿದ್ದಾಗಲೇ ಅಮ್ಮ ತೀರಿಕೊಂಡಳು. ತೊಟ್ಟಿಲು ತೂಗಿದವಳು, ಹಾಲು ಕುಡಿಸಿದವಳು, ಕಿವಿ ಹಿಂಡಿ ಶಾಲೆಗೆ ಅಟ್ಟಿದವಳು, ಎಲ್ಲ ಅಕ್ಕನೇ. ನನ್ನ ಮೊದಲ ಅನುಕರಣೆ ಅಕ್ಕನದೇ ಅಂತೆ. ಮಾತು ಬರುವ ಮೊದಲು ಅವಳ ಜೋಗುಳವನ್ನು ಅವಳಿಗೇ ತಿರುಗಿ ಊಂ ಊಂ ಎನ್ನುತ್ತಿದ್ದೆನಂತೆ. ಅವಳಿಗೆ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಭಾವ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಭಾವ ಯಾವುದರ ಬಗ್ಗೆಯೂ ಮಾತಾಡುತ್ತಿರಲಿಲ್ಲ. ಅನುಕರಿಸಲು ಒಂದು ಕೆಮ್ಮನ್ನೂ ಕೊಡದ ಮನುಷ್ಯ.

ಅಕ್ಕ ಹುಡುಗಿಯ ಬಗ್ಗೆ ಎಲ್ಲ ಕೇಳಿದಳು. ಧಾರೆಗೆ ಕಳಸ ಹಿಡಿಯಲು ಯಾವ ಸೀರೆ ಉಡಬೇಕೆಂದು ಯೋಚಿಸಿದಳು. ಕೊನೆಗೆ, ತೀರ್ಥಹಳ್ಳಿಯಿಂದ ಹೊಸನಗರಕ್ಕೆ ಮಧ್ಯಾಹ್ನದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು. ನಾನು ಕಂಡಕ್ಟರನ ಮೂಗಿನಲ್ಲಿ ಹನ್ನೆರಡೂವರೆಯಿಂದ ಒಂದೂವರೆಯೊಳಗೆ ದೇವರ ಚಿತ್ತ ಎಂದೆ. ಅವಳು ನಗಲಿಲ್ಲ.

"ಧಾರೆ ಮುಗಿದಿದ್ದೇ ನಾನು ಆ ಬಸ್ಸಿಗೆ ಹೊರಡ್ತೀನಿ ಕಣ. ಊಟಕ್ಕೆ ಕೂರಲ್ಲ."

ಗಂಡಿನ ಅಕ್ಕ ಮದುವೆ ಊಟ ಬಿಟ್ಟು ಎದ್ದು ಹೋದರೆ ಹೆಣ್ಣಿನ ಕಡೆಯವರಿಗೆ ಅದು ಮುಖಕ್ಕೆ ಹೊಡೆದ ಹಾಗೆ. ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಯಾಕೆ ಎಂದು ಕೇಳಿದೆ. ಅವಳು ಒಲೆಯ ಹತ್ತಿರ ಹೋಗಿ, ಬೆನ್ನು ತಿರುಗಿಸಿಯೇ, ಬಹಳ ಸಣ್ಣ ದನಿಯಲ್ಲಿ, ಮಿಯಾಂವ್ ಎಂದಳು. ನನ್ನದೇ ಮಿಯಾಂವ್. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ನಮ್ಮ ಮನೆಯಲ್ಲಿ ಅನುಕರಣೆ ನನಗೊಬ್ಬನಿಗೇ ಬರುತ್ತದೆಂದು ಅಲ್ಲಿಯವರೆಗೆ ಅಂದುಕೊಂಡಿದ್ದೆ.

ಸಾಗರಕ್ಕೆ ವಾಪಸು ಬರುವ ಬಸ್ಸಿನಲ್ಲಿ ನನಗೆ ಒಂದೊಂದೇ ಮದುವೆ ನೆನಪಾಯಿತು. ನಮ್ಮ ನೆಂಟರ ಮದುವೆಗಳಲ್ಲಿ ಸೋದರಮಾವನ ಹಲ್ಲಿನ ಸೊಲ್ಲು ಮುಗಿಯುವ ಹೊತ್ತಿಗೆ ಸರಿಯಾಗಿ ಅಕ್ಕ ಮಜ್ಜಿಗೆಯ ಕೊಡ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಬೆಕ್ಕು ಕೂಗಿ ಎಲ್ಲ ನಕ್ಕು ಮುಗಿದ ಮೇಲೆ ಹೊರಗೆ ಬರುತ್ತಿದ್ದಳು. ನನ್ನ ಅಕ್ಕ ಎಷ್ಟು ಕೆಲಸಗಾರ್ತಿ ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ. ಕೊಡದಲ್ಲಿ ಮಜ್ಜಿಗೆ ತುಂಬಿಯೇ ಇರುತ್ತಿತ್ತು ಎಂಬುದನ್ನು ನೋಡಿದ್ದೆ, ಗಮನಿಸಿರಲಿಲ್ಲ.

ನೇರವಾಗಿ ದೊಡ್ಡಮ್ಮನ ಹತ್ತಿರ ಹೋದೆ. ನನ್ನ ಮದುವೆಯಲ್ಲಿ ಅವಳು ಗಂಡಿನ ಕಡೆ. ಹಾಡಿ ಬೈಯುವವರು ತೀರ್ಥಹಳ್ಳಿಯವರು. ಆದರೂ ಅಲ್ಲಿನ ಮುಖ್ಯ ಹಾಡುಗಾರ್ತಿ, ನನ್ನ ಹುಡುಗಿಯ ಅಜ್ಜಿ, ದೊಡ್ಡಮ್ಮನಿಗೆ ಹಳೆಯ ಪರಿಚಯ. ಬೆಕ್ಕಿನ ಸೊಲ್ಲನ್ನು ಬದಲಿಸಿ ಎಂದೋ ಬಿಟ್ಟುಬಿಡಿ ಎಂದೋ ಒಂದು ಮಾತು ಹೇಳಿಕಳಿಸು ಎಂದೆ. ದೊಡ್ಡಮ್ಮ ಉದ್ದಿನಬೇಳೆ ಕೇರುತ್ತಿದ್ದಳು. ಮೊರ ನಿಲ್ಲಲಿಲ್ಲ. ಹಾಗೆ ಹೇಳಿಕಳಿಸಿದರೆ ಸಾಗರದವರು ಚಪ್ಪರಕ್ಕೆ ಕಾಲಿಡುವ ಮೊದಲೇ ಸೋತರು ಎಂದು ತೀರ್ಥಹಳ್ಳಿಯ ತನಕ ನಗುತ್ತಾರೆ ಎಂದಳು. ಅದೂ ಅಲ್ಲದೆ ಹಾಡು ತನ್ನದೂ ಅಲ್ಲ, ಆ ಅಜ್ಜಿಯದೂ ಅಲ್ಲ, ತನ್ನ ಅಜ್ಜಿ ಹಾಡಿದ್ದನ್ನು ಒಂದಕ್ಷರ ಆಚೀಚೆ ಮಾಡದೆ ತಾನು ಹಾಡಿಕೊಂಡು ಬಂದಿದ್ದೇನೆ ಎಂದಳು.

"ಇವತ್ತು ನೀನು ಬೆಕ್ಕು ತೆಗಿ ಅಂತೀಯ. ನಾಳೆ ಹೊಟ್ಟೆ ಇರೋನು ಹೊಟ್ಟೆ ತೆಗಿ ಅಂತಾನೆ, ಹಲ್ಲಿರೋನು ಹಲ್ಲು ತೆಗಿ ಅಂತಾನೆ. ಕಡೆಗೆ ನಾನು ಬಾಯಿ ತೆಗೆದು ನಿಂತ್ಕಂಡು ಎಂತ ಮಾಡ್ಲಿ, ಆಕಳಿಸ್ಲಾ?"

ನಾನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಬದಲಿ ಸೊಲ್ಲನ್ನು ಹಾಡಿ ತೋರಿಸಿದೆ. ಗಂಡಿನ ಅಕ್ಕ ಬಲು ಜಾಣೆ, ಮನೆಗೆಲ್ಲ ಅವಳೇ ದೀಪ, ಹೀಗೆ ಏನೋ ಇತ್ತು. ದೊಡ್ಡಮ್ಮ ಪೂರ್ತಿ ಕೇಳಿದಳು. ಇದನ್ನು ವರ್ಗವಾಗಿ ಹೋಗುವ ಮೇಷ್ಟರಿಗೆ ಶಾಲೆ ಮಕ್ಕಳ ಕೈಯಲ್ಲಿ ಹಾಡಿಸು, ಹಾರ ಹಾಕುವಾಗ ಸರಿಹೋಗುತ್ತದೆ ಎಂದಳು. ಸತ್ಯ ಹೇಳಬೇಕೆಂದರೆ ನನಗೂ ಹಾಗೆಯೇ ಅನ್ನಿಸಿತ್ತು.

ಆದರೆ ಒಂದಕ್ಷರ ಆಚೀಚೆಯಾಗಿಲ್ಲ ಎಂಬ ಮಾತನ್ನು ನಾನು ಬಿಡುವ ಹಾಗಿರಲಿಲ್ಲ. ಅನುಕರಣೆಯವನಿಗೆ ಒಂದು ರೋಗ ಉಂಟು, ಕೇಳಿದ್ದು ಮರೆಯುವುದಿಲ್ಲ. ಅವಳ ದನಿಯಲ್ಲೇ, ಅವಳ ಹಾಗೆಯೇ ಕೈಯನ್ನು ಸೊಂಟದ ಮೇಲಿಟ್ಟು, ಅವಳ ಹಾಡನ್ನೇ ಮೂರು ಸಲ ಹಾಡಿದೆ. ಸಾಗರದಲ್ಲಿ ಅವಳು ಹಾಡಿದಾಗ ಹಾಡಿನ ದಿಬ್ಬಣ ಎತ್ತಿನ ಗಾಡಿಯಲ್ಲಿ ಬರುತ್ತಿತ್ತು, ಹೋದ ವರ್ಷದಿಂದ ಅದು ಬಸ್ಸಿನಲ್ಲಿ ಬರುತ್ತಿದೆ. ಹೊಸನಗರದ ಕಡೆ ಹಾಡುವಾಗ ಬೀಗರು ಮೊಣಕಾಲುದ್ದ ಹೊಳೆಯನ್ನು ಪಂಚೆ ಎತ್ತಿ ದಾಟುತ್ತಿದ್ದರು, ಅಣೆಕಟ್ಟಿನ ಮುಳುಗಡೆಯ ನೀರು ಬಂದ ಮೇಲೆ ದೋಣಿ ಹತ್ತಿದ್ದಾರೆ. ತೀರ್ಥಹಳ್ಳಿಯಲ್ಲಿ ಅಮ್ಮ ಸೆರಗಿನಲ್ಲಿ ಕಟ್ಟಿಕೊಳ್ಳುವುದು ಹೋಳಿಗೆಯಲ್ಲ, ಕಡುಬು. ದೊಡ್ಡಮ್ಮನ ಮೊರ ಈಗ ನಿಂತಿತ್ತು. ನಗು ತಡೆದುಕೊಂಡು, ಅದೆಲ್ಲ ಹಾಡಿನ ಬಟ್ಟೆ, ಬಟ್ಟೆ ಬದಲಾಗುತ್ತದೆ, ಬೆಕ್ಕು ಹಾಡಿನ ಮೈ ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಹಾಗಿದ್ದರೆ ನಾನೇ ಹೋಗಿ ಕೇಳಿಕೊಳ್ಳುತ್ತೇನೆ ಎಂದು ಹಟ ಹಿಡಿದು ತೀರ್ಥಹಳ್ಳಿಗೆ ಹೊರಟೆ. ಮದುವೆಗೆ ಮುಂಚೆ ಗಂಡು ಹೆಣ್ಣಿನ ಮನೆಗೆ ಹಾಗೆಲ್ಲ ಹೋಗುವ ಕ್ರಮವಿಲ್ಲ. ನಾನು ಗಂಡಾಗಿ ಹೋಗಲಿಲ್ಲ, ಮೈಕ್ ಸೆಟ್ಟಿನವನಾಗಿ ಹೋದೆ. ಹಾರ್ನು ಕಟ್ಟಲು ಮರ ನೋಡಬೇಕು ಎಂದೆ. ಅಂಗಳದಲ್ಲಿ ಇದ್ದದ್ದು ಒಂದೇ ಹಲಸಿನ ಮರ. ಅದನ್ನು ಸುತ್ತು ಹೊಡೆದು ಅರ್ಧ ಗಂಟೆ ನೋಡಿದೆ. ಅಡುಗೆಮನೆಯ ಬಾಗಿಲ ಸಂದಿಯಿಂದ ಯಾರೋ ನಕ್ಕರು. ಯಾರೆಂದು ಗೊತ್ತಿತ್ತು.

ಅಜ್ಜಿ ಜಗುಲಿಯಲ್ಲಿ ಕೂತು ನನ್ನನ್ನು ಕರೆದರು. ಎಂಬತ್ತು ದಾಟಿದವರು, ಬಾಯಲ್ಲಿ ಎರಡು ಹಲ್ಲು, ಎರಡೂ ತಮಾಷೆಗೆಂದೇ ಉಳಿದಿದ್ದವು. ಮರ ಸಿಕ್ಕಿತಾ ಎಂದು ಕೇಳಿದರು. ನಾನು ಹುಂಜದ ಮರಿಯ ದನಿಯಲ್ಲಿ ವಿಷಯ ಹೇಳಿದೆ. ಹಳೆಯ ಕಾಲದ ಸೊಲ್ಲು, ಈಗ ಮೈಕಿನಲ್ಲಿ ಊರಿಗೆಲ್ಲ ಕೇಳುತ್ತದೆ, ಕೇಳಿದವರಿಗೆ ನೋವಾಗುತ್ತದೆ, ಬದಲಿಸಿದರೆ ಆಗದೇ ಎಂದು ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಯಾರಿಗೆ ನೋವು ಎಂದು ಹೇಳಲಿಲ್ಲ. ಅಜ್ಜಿ ಕೇಳಲೂ ಇಲ್ಲ.

"ಹಾಡು ತಿದ್ದಕ್ಕೆ ಬಂದ್ಯಾ, ಇಲ್ಲಾ ನಿನ್ನ ಬೆಕ್ಕು ಹಿಡ್ಕಂಡು ಹೋಗಕ್ಕೆ ಬಂದ್ಯಾ?" ಎಂದರು. ನಾನು ಹಲಸಿನ ಮರದ ಕಡೆ ನೋಡಿದೆ. "ಸೊಲ್ಲು ಮುಗಿದಮೇಲೆ ನಾವು ಯಾಕೆ ನಿಲ್ತೀವಿ ಗೊತ್ತಾ ನಿಂಗೆ? ಉಸಿರು ತಗಳಕ್ಕೆ ಅಲ್ಲ. ಬೈಸ್ಕಂಡೋಳು ಬಾಯಿ ಬಿಡಕ್ಕೆ ಜಾಗ ಅದು. ಅವಳ ಜಾಗದಲ್ಲಿ ನೀನು ಬೆಕ್ಕು ಬಿಟ್ಟೆ. ಊರೆಲ್ಲ ನಗ್ತಾ ಇದ್ರೆ ಅವಳು ಎಲ್ಲಿ ಹಾಡ್ಬೇಕು ಮಾರಾಯ?"

ಮೈಕಿನ ಖಾಲಿ ಗಾಳಿಯೆಂದು ನಾನು ತಿಳಿದದ್ದು ಬೇರೆಯವರ ಸರದಿಯಾಗಿತ್ತು.

ಅಜ್ಜಿ ನನ್ನನ್ನು ಹಾಗೆ ಬಿಡಲಿಲ್ಲ. ದೊಡ್ಡಮ್ಮನ ಹಾಗೆ ಹಾಡುತ್ತೀಯಂತೆ, ಹಾಡು ಎಂದರು. ನಾನು ಮರ್ಯಾದೆ ಉಳಿಸಿಕೊಳ್ಳಲು ಸಿಕ್ಕಿದ ಅವಕಾಶವೆಂದು ಅಪ್ಪನಿಂದ ಅಕ್ಕನವರೆಗೆ ಎಲ್ಲ ಸೊಲ್ಲನ್ನೂ ಹಾಡಿದೆ. ಅಕ್ಕನ ಸೊಲ್ಲಾದ ಮೇಲೆ ದೊಡ್ಡಮ್ಮ ಯಾವಾಗಲೂ ಎರಡು ಸಲ ಕೆಮ್ಮಿ, ಸ್ವಲ್ಪ ನೀರು ಕೊಡ್ರೇ ಎಂದು ಕೇಳುತ್ತಾಳೆ. ಆ ಕೆಮ್ಮನ್ನೂ ನೀರನ್ನೂ ನಾನು ಬಿಡುತ್ತಿರಲಿಲ್ಲ, ಜನ ಅದಕ್ಕೂ ನಗುತ್ತಿದ್ದರು. ಅಜ್ಜಿ ನಗಲಿಲ್ಲ. ಅಕ್ಕನ ಸೊಲ್ಲಾದ ಮೇಲೆ ಇನ್ನೊಂದು ಇದೆಯಲ್ಲ, ಗಂಡಿನ ಕಡೆಯ ಹಾಡುಗಾರ್ತಿಯ ಮೇಲಿನದು, ಅದೆಲ್ಲಿ ಎಂದರು. ಅಂಥದ್ದೊಂದು ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಅಜ್ಜಿ ಹಾಡಿದರು:

ಎದುರು ಹಾಡೋಳ ಮುಖ ನೋಡಿರೇ
ಅಮ್ಮನೋರು ಬಂದು ಭತ್ತ ಬಿತ್ಯಾಳೆ
ಕೊಯ್ಲು ಯಾವಾಗ ಕೇಳಿರೇ

ಅಮ್ಮನೋರು ಎಂದರೆ ಸಿಡುಬು, ಭತ್ತವೆಂದರೆ ಅದು ಮುಖದ ಮೇಲೆ ಬಿಟ್ಟುಹೋದ ಕಲೆ. ಹಾಡುತ್ತ ಹಾಡುತ್ತ ಅವರಿಗೂ ಏನೋ ಹೊಳೆದಿರಬೇಕು. ಕೊನೆಯ ಸಾಲನ್ನು ಬಾಯೊಳಗೇ ಮುಗಿಸಿ, ಮಜ್ಜಿಗೆ ಕುಡಿದು ಹೋಗು ಎಂದರು.

ಒಂದು ಸೊಲ್ಲನ್ನು ತೆಗೆಸಲು ಹೋದವನು ಇನ್ನೊಂದನ್ನು ನೆನಪಿಸಿ ಬಂದಿದ್ದೆ. ಇಷ್ಟಾದರೂ ಬುದ್ಧಿ ಇರುವವನಾಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ನನಗೆ ಬಸ್ಸಿನಲ್ಲಿ ಹೊಳೆದದ್ದು ಒಂದೇ: ಮೈ ಬದಲಾಗುವುದಿಲ್ಲ ಎಂದಳಲ್ಲ ದೊಡ್ಡಮ್ಮ, ತನ್ನ ಮುಖದ ಸೊಲ್ಲನ್ನು ತಾನೇ ತೆಗೆದುಹಾಕಿದ್ದಾಳೆ, ವಾದದಲ್ಲಿ ನಾನೇ ಗೆದ್ದೆ. ಗೆದ್ದವನ ಠೀವಿಯಲ್ಲಿ ಅವಳ ಮನೆಯ ಜಗುಲಿ ಹತ್ತಿ, ಅವಳದೇ ದನಿಯಲ್ಲಿ, ಭತ್ತ ಬಿತ್ತಿದ ಸೊಲ್ಲನ್ನು ಪೂರ್ತಿ ಹಾಡಿದೆ. ಕೊನೆಗೆ ಎರಡು ಸಲ ಕೆಮ್ಮಿ ನೀರನ್ನೂ ಕೇಳಿದೆ.

ದೊಡ್ಡಮ್ಮ ನಿಜಕ್ಕೂ ಒಳಗೆ ಹೋಗಿ ಒಂದು ಚೊಂಬು ನೀರು ತಂದು ನನ್ನ ಮುಂದೆ ಇಟ್ಟಳು. ಆಮೇಲೆ ಕೂತಳು. ಅವಳ ಮುಖವನ್ನು ನಾನು ದಿನಾ ನೋಡಿದವನು. ಆವತ್ತು ನೋಡಲಾಗಲಿಲ್ಲ.

"ನನ್ನ ತಮ್ಮನ ಮದುವೇಲಿ ಮೊದಲನೇ ಸಲ ಎದುರು ಹಾಡಕ್ಕೆ ನಿಂತಿದ್ದೆ," ಎಂದಳು. "ಹೊಟ್ಟೆ ತುಂಬ ಉತ್ತರ ಇಟ್ಕಂಡು ಹೋಗಿದ್ದೆ. ಇದನ್ನು ಹಾಡಿದ್ರು. ಒಂದೂ ಬರ್ಲಿಲ್ಲ. ಪಾಯಸ ಉಂಡು ಎದ್ದು ಬಂದೆ." ಚೊಂಬನ್ನು ನನ್ನ ಕಡೆ ಸರಿಸಿ, "ನಾನು ತೆಗಿಲಿಲ್ಲ ಕಣೋ. ಬೇರೆಯೋರ ಮೇಲೆ ಹಾಡಕ್ಕೆ ಹೋದ್ರೆ ಅಲ್ಲಿ ಗಂಟ್ಲೇ ಕಟ್ಟತ್ತೆ. ಅದಕ್ಕೇ ನೀರು," ಎಂದಳು.

ನೂರಾರು ಸಲ ಅಷ್ಟು ಚೆನ್ನಾಗಿ ಮಾಡಿ ತೋರಿಸಿದ ಕೆಮ್ಮು ಯಾಕೆ ಬರುತ್ತದೆಂದು ಆ ಕೆಮ್ಮಿನ ಪಂಡಿತನಿಗೆ ಗೊತ್ತಿರಲಿಲ್ಲ. ತಪ್ಪಾಯಿತು ಎಂದು ಹೇಳಲು ಹೋದೆ. ನನ್ನ ಸ್ವಂತ ದನಿ ಯಾವುದೆಂದು ತಕ್ಷಣ ಸಿಗಲಿಲ್ಲ. ಚೊಂಬಿನ ನೀರು ಕುಡಿದೆ.

ಮರುದಿನ ಬೆಳಗಿನ ಬಸ್ಸಿಗೆ ದೊಡ್ಡಮ್ಮ ಹೊಸನಗರಕ್ಕೆ ಹೋದಳು. ಅಕ್ಕನ ಮನೆಯಲ್ಲಿ ಎರಡು ದಿನ ಇದ್ದಳು. ಏನಾಯಿತೆಂದು ಭಾವನನ್ನು ಕೇಳಿದರೆ, ಇಬ್ಬರೂ ಹಪ್ಪಳ ಒತ್ತಿದರು ಎಂದರು. ಭಾವನಿಂದ ನನಗೆ ಸಿಕ್ಕ ಅತ್ಯಂತ ದೀರ್ಘವಾದ ವರದಿ ಅದು. ಅಕ್ಕನನ್ನು ಬಸ್ಸಿನ ವಿಷಯ ಕೇಳಿದೆ. ನೋಡೋಣ ಎಂದಳು.

ಮದುವೆಯ ದಿನ ನಾನು ಬಾಸಿಂಗ ಕಟ್ಟಿಕೊಂಡು ಕೂತಿದ್ದೆ. ಅನುಕರಣೆಯವನ ಬಾಯಿ ಕಟ್ಟಬೇಕೆಂದರೆ ಅವನನ್ನು ಮದುಮಗನನ್ನಾಗಿ ಮಾಡಬೇಕು. ಪುರೋಹಿತರು ನನ್ನ ಮೂಗಿನ ಕೆಳಗೇ ನಶ್ಯ ಏರಿಸಿದರು, ನಾನು ಏನೂ ಮಾಡುವ ಹಾಗಿರಲಿಲ್ಲ. ಮೈಕ್ ಸೆಟ್ಟನ್ನು ನಮ್ಮ ಅಂಗಡಿಯ ಯಜಮಾನರೇ ತಂದಿದ್ದರು. ಬೆಕ್ಕು ಬೇಡ ಎಂದು ಅವರ ಕೈ ಹಿಡಿದು ಹೇಳಿದ್ದೆ.

ಅಕ್ಕ ಕಳಸ ಹಿಡಿದಳು. ಧಾರೆ ಮುಗಿಯಿತು. ಎಲೆ ಹಾಕಿದರು. ದೂರದಲ್ಲಿ ಮಧ್ಯಾಹ್ನದ ಬಸ್ಸಿನ ಹಾರ್ನು ಕೇಳಿತು. ಅಕ್ಕ ಮಜ್ಜಿಗೆಯ ಕೊಡವಿದ್ದ ಕಡೆ ಒಮ್ಮೆ ನೋಡಿ, ಬಂದು ನನ್ನ ಪಕ್ಕದ ಎಲೆಗೆ ಕೂತಳು. ಅವಳ ಆಚೆ ದೊಡ್ಡಮ್ಮ ಕೂತಳು. ಬಸ್ಸು ಹೋದ ಸದ್ದು ಕೇಳಿತು.

ಅಜ್ಜಿ ಶುರುಮಾಡಿದರು. ಅಪ್ಪನ ಹೊಟ್ಟೆ ಕಂಬಕ್ಕೆ ತಾಗಿತು. ಅಮ್ಮನಿಲ್ಲದ್ದರಿಂದ ಅವಳ ಸೊಲ್ಲನ್ನು ದಾಟಿದರು. ಅದು ಪದ್ಧತಿ, ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸೋದರಮಾವನ ಹಲ್ಲಿಗೆ ದೊಡ್ಡಮ್ಮ ಉತ್ತರ ಕೊಟ್ಟು, ಆ ಹಲ್ಲಿನಿಂದಲೇ ನಿಮ್ಮ ತೆಂಗಿನಕಾಯಿ ಸುಲಿದುಕೊಡುತ್ತೇವೆ ಎಂದು ಒಂದು ತಟ್ಟೆ ಗೆದ್ದಳು. ಆಮೇಲೆ ಅಜ್ಜಿ ಅಕ್ಕನ ಕಡೆ ತಿರುಗಿದರು. ಒಂದಕ್ಷರ ಬದಲಿಸಲಿಲ್ಲ. ಉಡಿಯಲ್ಲಿ ಅಕ್ಕಿ, ತೊಟ್ಟಿಲಲ್ಲಿ ಬೆಕ್ಕು, ಬೆಕ್ಕಿಗೇ ಜೋಗುಳ.

ನಿಂತರು.

ಯಜಮಾನರು ಮಾತು ಉಳಿಸಿಕೊಂಡಿದ್ದರು. ಆದರೆ ನನ್ನ ಕೀರ್ತಿ ನನಗಿಂತ ಮುಂಚೆ ತೀರ್ಥಹಳ್ಳಿ ತಲುಪಿತ್ತು. ಚಪ್ಪರದ ಹಿಂದಿನಿಂದ ನಾಲ್ಕೈದು ಹುಡುಗರು ಒಟ್ಟಿಗೆ ಮಿಯಾಂವ್ ಎಂದರು. ಜನ ನಗಲು ಬಾಯಿ ತೆರೆದರು. ಅಷ್ಟರಲ್ಲಿ ಅಜ್ಜಿ ಬಡಿಸುವವನ ಕೈಯಿಂದ ಸೌಟು ಕಿತ್ತುಕೊಂಡು ಚಪ್ಪರದ ಕಂಬಕ್ಕೆ ಒಂದು ಬಾರಿಸಿದರು. ಸಾರು ನನ್ನ ಬಾಸಿಂಗದ ಮೇಲೆ ಬಿತ್ತು. ಚಪ್ಪರದಲ್ಲಿ ಸದ್ದಡಗಿತು. ಅಜ್ಜಿ ಸೌಟು ಹಿಡಿದುಕೊಂಡೇ ಅಕ್ಕನನ್ನು ನೋಡುತ್ತ ಕಾದರು. ಅಷ್ಟು ಹೊತ್ತು ಯಾರಿಗೂ ಯಾರೂ ಕಾದದ್ದನ್ನು ನಾನು ಬೀಗರ ಹಾಡಿನಲ್ಲಿ ನೋಡಿರಲಿಲ್ಲ.

ನಾನು ದೊಡ್ಡಮ್ಮನ ಬಾಯಿ ನೋಡುತ್ತಿದ್ದೆ. ಅವಳು ತುಟಿ ಬಿಗಿದು ಎಲೆ ನೋಡುತ್ತಿದ್ದಳು. ಹಾಡಿದವಳು ಅಕ್ಕ. ಮೊದಲ ಪದ ನಡುಗಿತು, ಎರಡನೆಯದು ನಡುಗಲಿಲ್ಲ.

ತೊಟ್ಟಿಲಲ್ಲಿ ತೂಗಿದ್ದು ಬೆಕ್ಕೇ ಹೌದು ಬೀಗತಿ
ಮೀಸೆ ಬಂತೆಂದು ನಿಮ್ಮನೆಗೆ ಬಿಡಲು ತಂದೀನಿ
ಹಾಲಿನ ಗಡಿಗೆ ಮುಚ್ಚಿಕೊಳ್ಳಿರೇ

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲರ ಕಣ್ಣೂ ಸಾರು ಸೋರುವ ಬಾಸಿಂಗದ ಕೆಳಗಿದ್ದ ನನ್ನ ಹೊಸ ಮೀಸೆಯ ಮೇಲೆ ಬಂದು ಕೂತವು. ಆ ನಗು ನಾನು ಕೇಳಿದ ಯಾವ ನಗುವಿಗಿಂತಲೂ ದೊಡ್ಡದಿತ್ತು. ನನ್ನ ಮಿಯಾಂವಿಗೆ ಅಂಥದ್ದು ಯಾವತ್ತೂ ಸಿಕ್ಕಿರಲಿಲ್ಲ. ಹಲಸಿನ ಮರದ ಮೇಲಿನ ಹಾರ್ನಿನಿಂದ ಅದು ಊರೆಲ್ಲ ಹೋಯಿತು. ಪಕ್ಕದಲ್ಲಿದ್ದ ನನ್ನ ಹೆಂಡತಿ ತಲೆ ತಗ್ಗಿಸಿಕೊಂಡು ನಗುತ್ತಿದ್ದಳು. ಭಾವ ನಕ್ಕದ್ದನ್ನು ನೋಡಿದವರು ಮೂರು ಜನ ಇದ್ದಾರೆ.

ಅಜ್ಜಿ ಮರುಸೊಲ್ಲು ಹುಡುಕಿದರು, ಸಿಗಲಿಲ್ಲ. ಎಲೆಅಡಿಕೆಯ ತಟ್ಟೆಯನ್ನು ತಾವೇ ತಂದು ಅಕ್ಕನ ಮುಂದೆ ಇಟ್ಟರು. ಮುಂದಿನ ಸೊಲ್ಲು ಯಾವುದೆಂದು ನನಗೆ ಈಗ ಗೊತ್ತಿತ್ತು. ದೊಡ್ಡಮ್ಮನಿಗೂ ಗೊತ್ತಿತ್ತು. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಅಜ್ಜಿ ಅವಳ ಮುಂದೆ ಬಂದು ನಿಂತು, ಬಾಯಿ ತೆರೆದು, ಹಾಗೇ ಮುಚ್ಚಿದರು.

"ಮುಂದಿಂದು ಮರೆತೇಹೋಯ್ತು ಮಾರಾಯ್ತಿ. ವಯಸ್ಸಾಯ್ತು ನಂಗೆ. ಪಾಯಸ ಬಡಿಸ್ರೋ."

ದೊಡ್ಡಮ್ಮ ಎರಡು ಸಲ ಕೆಮ್ಮಿದಳು. ಅಜ್ಜಿಯೇ ನೀರಿನ ಚೊಂಬು ಮುಂದೆ ಮಾಡಿದರು.

ಇದೆಲ್ಲ ಆಗಿ ಎರಡು ವರ್ಷವಾಯಿತು. ಹಳೆಯ ಹಾಡಿನ ಕೆಟ್ಟ ಸೊಲ್ಲನ್ನು ತಿದ್ದಬೇಕೋ ಬಿಡಬೇಕೋ ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ಸೊಲ್ಲುಗಳ ಕಥೆ ಹೇಳುತ್ತೇನೆ. ಅಕ್ಕನ ಸೊಲ್ಲನ್ನು ಯಾರೂ ತಿದ್ದಲಿಲ್ಲ, ಅದು ಬದಲಾಯಿತು. ಈಗ ನಮ್ಮ ಕಡೆಯ ಮದುವೆಗಳಲ್ಲಿ ಬೆಕ್ಕಿನ ಸೊಲ್ಲು ಹಾಡಿದ ಕೂಡಲೇ ಹಾಲಿನ ಗಡಿಗೆಯ ಸೊಲ್ಲೂ ಬರುತ್ತದೆ. ಮಕ್ಕಳಿದ್ದವರೂ ಇಲ್ಲದವರೂ ಅದನ್ನೇ ಹಾಡುತ್ತಾರೆ, ಬೈಸಿಕೊಳ್ಳುವವನು ತಮ್ಮ. ದೊಡ್ಡಮ್ಮನ ಸೊಲ್ಲಿಗೆ ಉತ್ತರ ಹುಟ್ಟಲಿಲ್ಲ, ಅದು ಬಿದ್ದುಹೋಯಿತು. ಬಿದ್ದದ್ದೇ ಒಳ್ಳೆಯದಾಯಿತು ಎಂದು ನಾನು ಅಂದರೆ, ಹಾಗಿದ್ದರೆ ಹೊಟ್ಟೆ ತೆಗಿ, ಹಲ್ಲು ತೆಗಿ ಎಂದು ದೊಡ್ಡಮ್ಮ ಮತ್ತೆ ಶುರುಮಾಡುತ್ತಾಳೆ. ಅಕ್ಕ ಈಗ ಅವಳ ಜೊತೆ ಹಾಡಲು ಹೋಗುತ್ತಾಳೆ. ಮಜ್ಜಿಗೆಯ ಕೊಡವನ್ನು ಬೇರೆ ಯಾರಾದರೂ ಎತ್ತಲಿ ಎನ್ನುತ್ತಾಳೆ. ಮೈಕಿನ ಪಕ್ಕ ನಾನೇ ನಿಲ್ಲುತ್ತೇನೆ. ಸೊಲ್ಲು ಮುಗಿದು ಖಾಲಿ ಗಾಳಿ ಸುಯ್ಯೆಂದಾಗ ನನ್ನ ಬಾಯಿ ಇನ್ನೂ ತುರಿಸುತ್ತದೆ. ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತೇನೆ. ಜನ ಅದನ್ನೂ ಅನುಕರಣೆ ಎಂದುಕೊಂಡು ನಗುತ್ತಾರೆ.

ಮೊನ್ನೆ ತೀರ್ಥಹಳ್ಳಿಗೆ ಮಾವನ ಮನೆಗೆ ಹೋಗಿದ್ದೆ. ಹೆಂಡತಿ ಎರಡು ದಿನ ಮುಂಚೆಯೇ ಹೋಗಿದ್ದಳು. ಅಜ್ಜಿ ಜಗುಲಿಯಿಂದಲೇ ನನ್ನನ್ನು ನೋಡಿ, ಯಾರು ಬಂದರೆಂದು ಒಳಗಿನವರಿಗೆ ಕೂಗಿ ಹೇಳಲಿಲ್ಲ. ಹಾಲಿನ ಗಡಿಗೆ ಮುಚ್ಚಿದ್ದೀರೇನ್ರೇ ಎಂದಷ್ಟೇ ಕೇಳಿದರು. ಒಳಗೆ ಹೋಗಿ ನೋಡಿದೆ. ಮುಚ್ಚಿತ್ತು. ಮುಚ್ಚಳದ ಮೇಲೆ ಒಂದು ಗುಂಡುಕಲ್ಲೂ ಇತ್ತು. ಕಲ್ಲು ಇಟ್ಟವಳು ನನ್ನ ಹೆಂಡತಿ.